ಪದಚರ್ಚೆ: ಕೋವಿಯ ಮರಕ್ಕೆ ಏನನ್ನೋಣ, ಹಿಡಿಯೋ ಕಾವೋ?

ಎಲ್ಲರಿಗೂ ನಮಸ್ಕಾರ.

ಮೂರು ದಿನದಿಂದ ಒಂದೇ ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ. ಬಡಗಿ ಕೆಲಸದ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 18ನೇ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜರ್ಮನ್ ವಲಸಿಗರು ಉದ್ದ ನಳಿಗೆಯ ರೈಫಲ್ ಮಾಡುತ್ತಿದ್ದರಲ್ಲ, ಅದರ ಮರದ ಭಾಗವನ್ನು ಈಗಲೂ ಕೆಲವರು ಕೈಯಲ್ಲೇ ಕೆತ್ತುತ್ತಾರೆ. ಅದು ಹೇಗೆ ಅನ್ನುವುದೇ ವಿಷಯ. ಗುಂಡು ಮದ್ದಿನ ಮಾತು ಕಡಿಮೆ. ಉಳಿ, ಅರ, ತೋಪಡದ ಮಾತೇ ಜಾಸ್ತಿ. ಸುಲಭ ಅಂದುಕೊಂಡು ಕೂತರೆ ಮೊದಲ ಸಾಲಿನಲ್ಲೇ 'ಸ್ಟಾಕ್' ಅಡ್ಡ ಬಂತು. ಆ ಮರದ ಭಾಗಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರೇ ಅದು.

'ಹಿಡಿ' ಅಂದರೆ ಮುಗಿಯಿತಲ್ಲ ಅಂತ ನೀವು ಹೇಳಬಹುದು. ಬಂದೂಕಿನ ಹಿಡಿಯಿಂದ ಹೊಡೆದ ಅಂತ ಓದಿದ್ದೇವೆ, ಸರಿ. ಆದರೆ ಹಿಡಿ ಅಂದರೆ ಮುಷ್ಟಿಯಲ್ಲಿ ಕೂರುವಂಥದ್ದು. ಕತ್ತಿಯ ಹಿಡಿ, ಕೊಡೆಯ ಹಿಡಿ. ಈ ಮರ ಭುಜದಿಂದ ಶುರುವಾಗಿ ನಳಿಗೆಯ ತುದಿಯವರೆಗೂ ಹೋಗುತ್ತದೆ. ಹತ್ತಿರ ಹತ್ತಿರ ಐದು ಅಡಿ. ನಳಿಗೆ, ಕುದುರೆ (ಟ್ರಿಗರ್), ಸಿಡಿಸುವ ಯಂತ್ರ ಎಲ್ಲ ಅದರೊಳಗೇ ಕೂರುತ್ತವೆ. ನಿಜಕ್ಕೂ ಮುಷ್ಟಿಯಲ್ಲಿ ಹಿಡಿಯುವುದು ಅದರ ನಡುವಿನ ಸಪೂರ ಜಾಗವನ್ನು ಮಾತ್ರ. ಇಡೀ ಮರವನ್ನೇ ಹಿಡಿ ಅಂದುಬಿಟ್ಟರೆ ಆ ಜಾಗಕ್ಕೆ ಏನನ್ನೋಣ?

ಇಂಗ್ಲಿಷಿನ ಸ್ಟಾಕ್‌ಗೆ ಹಳೆಯ ಅರ್ಥ ಮರದ ಬೊಡ್ಡೆ. ಹಿಂದಿಯವರ 'ಕುಂದಾ' ಪಾರಸಿಯಿಂದ ಬಂದದ್ದು, ಅದಕ್ಕೂ ದಿಮ್ಮಿ ಅಂತಲೇ ಅರ್ಥ. ಆ ದಾರಿ ಹಿಡಿದರೆ ನಮಗೆ 'ಕೊರಡು' ಸಿಗುತ್ತದೆ. ಆದರೆ ಕೊರಡನ್ನು ಕೆತ್ತುವ ಮುಂಚಿನ ತುಂಡಿಗೆ ಉಳಿಸಿಕೊಂಡಿದ್ದೇನೆ. ನಾಲ್ಕು ತಿಂಗಳು ಕಷ್ಟಪಟ್ಟು ಕೆತ್ತಿ, ಎಣ್ಣೆ ಉಜ್ಜಿ ಹೊಳಪು ತಂದದ್ದನ್ನೂ ಕೊರಡು ಅಂದರೆ ಕೆತ್ತಿದವನಿಗೆ ಬೇಜಾರಾಗುತ್ತದೆ, ಅಲ್ವಾ?

ಹಾಗಾಗಿ ನನ್ನ ಮನಸ್ಸು ನಿಂತದ್ದು 'ಕಾವು' ಮೇಲೆ. ಕೊಡಲಿ ಕಾವು ಕುಲಕ್ಕೆ ಸಾವು, ಆ ಕಾವು. ಕೋವಿ ಅಂದರೆ ಮೂಲದಲ್ಲಿ ಬರೀ ಕೊಳವೆ. ಅಂದರೆ ಕಬ್ಬಿಣದ ಭಾಗಕ್ಕೆ ಹೆಸರು ಮೊದಲೇ ಇದೆ, ಮರದ ಭಾಗಕ್ಕೆ ಒಂದು ಸಿಕ್ಕರೆ ಸಾಕು. ಕೋವಿ, ಕೋವಿಯ ಕಾವು. ಕಿವಿಗೂ ಚೆನ್ನಾಗಿದೆ. ಒಂದೇ ಒಂದು ತಕರಾರು: ಕೊಡಲಿಯಲ್ಲಿ ಕಾವು ಹೋಗಿ ಕಬ್ಬಿಣದ ತೂತಿಗೆ ಕೂರುತ್ತದೆ, ಇಲ್ಲಿ ಕಬ್ಬಿಣವೇ ಬಂದು ಮರದಲ್ಲಿ ಮಲಗುತ್ತದೆ. ಅಷ್ಟು ವ್ಯತ್ಯಾಸ ನಡೆಯುತ್ತದೆ ಅಂದುಕೊಂಡಿದ್ದೆ.

(ಸುಮ್ನೆ ಒಂದು ಅಡ್ಡಮಾತು. 'ಬಂದೂಕು' ಪದದ ಬೇರು ಅರಬ್ಬಿಯ ಬುಂದುಕ್. ಅದು ಅಕ್ರೋಟಿನಂತೆ ಗಟ್ಟಿ ಚಿಪ್ಪಿನ ಒಂದು ಸಣ್ಣ ಕಾಯಿಯ ಹೆಸರು. ಆಮೇಲೆ ಗುಂಡಿಗೆ ಬಂತು, ಕೊನೆಗೆ ಆಯುಧಕ್ಕೇ. ಬಂದೂಕಿನ ಮರಕ್ಕೆ ಅಕ್ರೋಟ್ ಬಿಟ್ಟು ಬೇರೆ ಬೇಡ ಅನ್ನುವವರು ಇವತ್ತಿಗೂ ಇದ್ದಾರೆ. ಒಂದು ಕಾಯಿಗೆ ಇನ್ನೊಂದು ಕಾಯಿಯ ಮರ!)

ಪೆನ್ಸಿಲ್ವೇನಿಯಾದವರು ಮಾತ್ರ ಮೇಪಲ್ ಅನ್ನುವ ಮರ ಹಿಡಿದರು. ಅದರಲ್ಲೂ ಪಟ್ಟೆಪಟ್ಟೆಯಾಗಿ ಕಾಣುವ ಮೇಪಲ್. ಇಂಗ್ಲಿಷಿನಲ್ಲಿ ಇದನ್ನು ಪಿಟೀಲಿನ ಬೆನ್ನು ಅನ್ನುತ್ತಾರೆ. ಅರ್ಥವಾಗದೆ ಪಕ್ಕದ ಮನೆಯ ಹುಡುಗಿಯ ಪಿಟೀಲು ಇಸಿದುಕೊಂಡು ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ ನೋಡಿದೆ. ಬೆನ್ನ ಮೇಲೆ ಅಡ್ಡಡ್ಡ ಪಟ್ಟೆ. ಸ್ವಲ್ಪ ವಾಲಿಸಿದರೆ ಕಪ್ಪಗಿದ್ದ ಪಟ್ಟೆ ಬೆಳ್ಳಗಾಯಿತು, ಬೆಳ್ಳಗಿದ್ದದ್ದು ಕಪ್ಪಗಾಯಿತು. ಬಣ್ಣ ಬಳಿದ ಪಟ್ಟೆ ಹೀಗೆ ಜಾಗ ಬದಲಿಸುವುದಿಲ್ಲ. ಮರದ ನಾರು ನೇರ ಬೆಳೆಯದೆ ಅಲೆ ಅಲೆಯಾಗಿ ಬೆಳೆದಿರುತ್ತದೆ. ಕುಯ್ದಾಗ ಒಂದು ಪಟ್ಟೆಯಲ್ಲಿ ನಾರಿನ ಪಕ್ಕ ಕಾಣುತ್ತದೆ, ಮುಂದಿನದರಲ್ಲಿ ತುದಿ. ಬೆಳಕು ಎರಡರಲ್ಲೂ ಬೇರೆ ಬೇರೆ ಥರ ಬೀಳುತ್ತದೆ.

ಇದಕ್ಕೆ 'ಚಿತ್ತಾರ' ಅನ್ನುವುದು ನನಗೆ ಒಗ್ಗಲಿಲ್ಲ. ಚಿತ್ತಾರ ಯಾರೋ ಬರೆದದ್ದು, ಇದು ತಾನಾಗಿ ಬೆಳೆದದ್ದು. 'ನೆರಿಗೆ' ಅಂದರೆ ಹೇಗೆ? ರೇಷ್ಮೆ ಸೀರೆಯ ನೆರಿಗೆ ಹೊಳೆಯುವುದೂ ಹೀಗೇ, ಒಂದು ಮಡಿಕೆ ಬೆಳಕು, ಒಂದು ನೆರಳು. ಕವಲೊಡೆಯುವ ಜಾಗದಲ್ಲಿ ಬರುವುದಕ್ಕೆ 'ಗರಿ', ಚುಕ್ಕೆಚುಕ್ಕೆಯಾಗಿ ಬರುವುದಕ್ಕೆ 'ಹಕ್ಕಿಗಣ್ಣು'. ಇವು ತಾವೇ ಬಂದವು, ಚರ್ಚೆ ಬೇಡ.

ಮೈಯ ಹೆಸರುಗಳೂ ಸಲೀಸು. ಆ ಸಪೂರ ಜಾಗ ಮಣಿಕಟ್ಟು. ಭುಜಕ್ಕೆ ಆನಿಸುವ ತುದಿಯಲ್ಲಿ ಮೇಲಿನದು ಹಿಮ್ಮಡಿ, ಕೆಳಗಿನದು ಉಂಗುಟ. ಕೆನ್ನೆ ತಾಗುವ ಅಂಚನ್ನು ಅವರು 'ಕೋಂಬ್' ಅನ್ನುತ್ತಾರೆ. ಬಾಚಣಿಗೆ ಅಂತ ಬರೆದರೆ ನಗೆಪಾಟಲು, 'ಏಣು' ಸಾಕು. ಕೈ ಜಾರದ ಹಾಗೆ ಇಂಚಿಗೆ 18, 20 ಗೆರೆ ಕೊರೆಯುವುದಕ್ಕೆ ಚೌಕಳಿ. ನನಗೆ ತುಂಬ ಖುಷಿ ಕೊಟ್ಟದ್ದು ಇನ್ನೊಂದು. ಉಪ್ಪುಕಾಗದ ಉಜ್ಜಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಣ್ಣ ನಾರುಗಳು ನಿಲ್ಲುತ್ತವೆ. ಅವನ್ನು ಮತ್ತೆ ಉಜ್ಜಿ ತೆಗೆಯಬೇಕು. ಅದನ್ನು 'ನವಿರೇಳಿಸುವುದು' ಅಂತ ಬರೆದೆ. ಯಾರೂ ಬೇಡ ಅನ್ನಬೇಡಿ ದಯವಿಟ್ಟು.

ಈಗ ಎಡವಿದ ಜಾಗಕ್ಕೆ ಬರುತ್ತೇನೆ. ಕೆತ್ತನೆ ಮುಗಿದ ಮೇಲೆ ಮೇಪಲ್‌ಗೆ ಬಣ್ಣ ಬರಿಸಬೇಕು. ನೈಟ್ರಿಕ್ ಆಸಿಡ್‌ನಲ್ಲಿ ಕಬ್ಬಿಣ ಕರಗಿಸಿದ ನೀರನ್ನು ಬಳಿಯುತ್ತಾರೆ. ಆಮೇಲೆ ಕಾದ ಕಬ್ಬಿಣವನ್ನು ಹತ್ತಿರ ಹಿಡಿಯುತ್ತಾರೆ. ಬಿಸಿ ತಾಗಿದ ಕಡೆಯೆಲ್ಲ ಕೆಂಪು ಕಂದು ಏರಿ, ನೆರಿಗೆಗಳು ಕಣ್ಣಿಗೆ ಹೊಡೆಯುತ್ತವೆ. ಇದನ್ನು ನಾನು ಕನ್ನಡದಲ್ಲಿ ಬರೆದದ್ದು ಹೀಗೆ: 'ಈಗ ಕಾವಿಗೆ ನಿಧಾನವಾಗಿ ಕಾವು ಕೊಡಿ.' ಓದಿದ ನನ್ನ ಹೆಂಡತಿ 'ಎಷ್ಟು ದಿನಕ್ಕೆ ಮರಿ ಬರುತ್ತೆ?' ಅಂದಳು.

ಶಾಖ ಅಂತ ಬದಲಿಸಬಹುದು, ಗೊತ್ತು. ಆದರೆ 'ಬಂದೂಕಿನ ಕಾವು' ಅಂದರೆ ಈಗಷ್ಟೇ ಗುಂಡು ಹೊಡೆದ ಬಂದೂಕು ಅಂತಲೇ ಓದುಗ ತಿಳಿಯುವುದಿಲ್ಲವೇ?

ಕೊಡಗಿನವರು ಯಾರಾದರೂ ಇದ್ದರೆ ಮುಖ್ಯವಾಗಿ ನಿಮ್ಮನ್ನೇ ಕೇಳುತ್ತಿದ್ದೇನೆ. ಕೈಲ್ ಮುಹೂರ್ತದ ಆಯುಧಪೂಜೆಗೆ ಕೋವಿ ಒರೆಸಿ, ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುವವರು ನೀವು. ಆ ಮರದ ಭಾಗಕ್ಕೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಾರೆ? ಕೊಡವ ತಕ್ಕಿನಲ್ಲಿ ಒಂದು, ಕನ್ನಡದಲ್ಲಿ ಒಂದು ಇದ್ದರೆ ಎರಡನ್ನೂ ಹೇಳಿ. ಬಯಲುಸೀಮೆಯ ಬಡಗಿಗಳ ಬಾಯಲ್ಲಿ 'ನೆರಿಗೆ'ಗಿಂತ ಒಳ್ಳೆಯ ಮಾತಿದ್ದರೆ ಅದೂ ಬೇಕು. ಅಲ್ಲಿಯವರೆಗೆ ಆ ಸಾಲು 'ಕಾವಿಗೆ ಕಾವು ಕೊಡಿ' ಅಂತಲೇ ಕೂತಿರುತ್ತದೆ.