ಪದಚರ್ಚೆ: ‘ಮೆದುಳು ನಿಷ್ಕ್ರಿಯ’ ಎಂದರೆ ತೀರಿಕೊಂಡರು ಎಂದು ಅರ್ಥವಾಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಅಂಗಾಂಗ ದಾನದ ಬಗ್ಗೆ ರೋಗಿಯ ಮನೆಯವರಿಗೆ ಕೊಡುವ ಕನ್ನಡದ ಮಾಹಿತಿ ಪತ್ರವೊಂದನ್ನು ತಿದ್ದಿಕೊಡಲು ಒಪ್ಪಿಕೊಂಡಿದ್ದೇನೆ. ಅದು ಶುರುವಾಗುವುದೇ ‘ನಿಮ್ಮವರ ಮೆದುಳು ನಿಷ್ಕ್ರಿಯಗೊಂಡಿದೆ’ ಎಂಬ ಸಾಲಿನಿಂದ. ಬ್ರೈನ್ ಡೆತ್ ಎನ್ನುವುದಕ್ಕೆ ನಮ್ಮ ಪತ್ರಿಕೆ, ಟಿವಿಗಳಲ್ಲಿ ನಿಂತುಹೋಗಿರುವ ಮಾತು ಇದು. ನನ್ನ ಪ್ರಶ್ನೆ ಇಷ್ಟೇ: ಐಸಿಯು ಬಾಗಿಲಲ್ಲಿ ನಿಂತ ಹೆಂಡತಿಗೋ ಮಗನಿಗೋ ಈ ಸಾಲು ಕೇಳಿದರೆ, ‘ಅವರು ತೀರಿಕೊಂಡಿದ್ದಾರೆ’ ಎಂದು ತಿಳಿಯುತ್ತದೆಯೇ?

ಇಲ್ಲ ಎಂದೇ ನನಗೆ ಅನ್ನಿಸುತ್ತದೆ. ‘ನಿಷ್ಕ್ರಿಯ’ವನ್ನು ನಾವು ಬೇರೆ ಎಲ್ಲೆಲ್ಲಿ ಬಳಸುತ್ತೇವೆ ನೋಡಿ. ಎರಡು ವರ್ಷ ವ್ಯವಹಾರ ಮಾಡದಿದ್ದರೆ ಬ್ಯಾಂಕ್ ಖಾತೆ ನಿಷ್ಕ್ರಿಯವಾಗುತ್ತದೆ. ಅರ್ಜಿ ಕೊಟ್ಟರೆ ಮತ್ತೆ ಸಕ್ರಿಯವಾಗುತ್ತದೆ. ಸಂಘ ನಿಷ್ಕ್ರಿಯವಾಗಿದೆ ಎಂದರೆ ಯಾರಾದರೂ ಮುತುವರ್ಜಿ ವಹಿಸಿದರೆ ಎದ್ದೀತು ಎಂಬ ಭಾವನೆ ಅದರೊಳಗೇ ಇದೆ. ಹಾಗಾಗಿ ‘ಮೆದುಳು ನಿಷ್ಕ್ರಿಯ’ ಎಂದ ತಕ್ಷಣ ಮನೆಯವರು ‘ಸರಿ, ಇನ್ನೆಷ್ಟು ದಿನಕ್ಕೆ ಸರಿಹೋಗಬಹುದು ಡಾಕ್ಟ್ರೇ?’ ಎಂದು ಕೇಳಿದರೆ ತಪ್ಪು ಅವರದಲ್ಲ.

ಅಕ್ಕಪಕ್ಕದ ಭಾಷೆಗಳಲ್ಲಿ ಹೀಗಿಲ್ಲ. ತಮಿಳಿನವರು ನೇರವಾಗಿ ‘ಮೂಳೈಚ್ಚಾವು’ ಎನ್ನುತ್ತಾರೆ, ಅಂದರೆ ಮಿದುಳಿನ ಸಾವು. ಮಲಯಾಳದಲ್ಲಿ ‘ಮಸ್ತಿಷ್ಕ ಮರಣಂ’. ತೆಲುಗು ಪತ್ರಿಕೆಗಳಲ್ಲಿ ‘ಬ್ರೈನ್ ಡೆಡ್’ ಜೊತೆಗೆ ‘ಜೀವನ್ಮೃತುಡು’ ಎಂಬ ಮಾತೂ ಓಡಾಡುತ್ತದೆ. ಬದುಕಿಯೂ ಸತ್ತವನು ಎಂಬ ಆ ಮಾತು ನನಗೆ ಒಪ್ಪಿಗೆಯಿಲ್ಲ, ಅದು ಗೊಂದಲವನ್ನೇ ಹೆಸರಾಗಿ ಮಾಡಿದೆ. ಆದರೂ ಅದರಲ್ಲಿ ಸಾವು ಎಂಬುದಾದರೂ ಇದೆ. ಸಾವು ಎಂಬ ಮಾತನ್ನೇ ಎತ್ತದೆ ಸುತ್ತಿ ಬರುತ್ತಿರುವವರು ನಾವು.

ಇದರಿಂದ ಏನಾಗುತ್ತದೆ ಎನ್ನುವುದನ್ನು ನಟ ಸಂಚಾರಿ ವಿಜಯ್ ಅವರ ವಿಷಯದಲ್ಲಿ ನೋಡಿದೆವು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತವಾಗಿ ಅವರ ತಲೆಗೆ ಪೆಟ್ಟು ಬಿತ್ತು. ಮೆದುಳು ನಿಷ್ಕ್ರಿಯಗೊಂಡಿದೆ ಎಂದು ವೈದ್ಯರು ಹೇಳಿದಾಗ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಆ ಒಂದು ದಿನ ಒಂದು ಕಡೆ ಶ್ರದ್ಧಾಂಜಲಿ ಬರುತ್ತಿತ್ತು, ಇನ್ನೊಂದು ಕಡೆ ‘ಅವರಿನ್ನೂ ಬದುಕಿದ್ದಾರೆ, ಹೃದಯ ಬಡಿಯುತ್ತಿದೆ’ ಎಂಬ ಸುದ್ದಿ ಬರುತ್ತಿತ್ತು. ಅವರನ್ನು ಪ್ರೀತಿಸುತ್ತಿದ್ದವರು ಅಳಬೇಕೋ ಹರಕೆ ಹೊರಬೇಕೋ ತಿಳಿಯದೆ ಕಾಯುವಂತಾಯಿತು. ‘ಮೆದುಳು ನಿಷ್ಕ್ರಿಯಗೊಂಡಿದ್ದ ವ್ಯಕ್ತಿ ಅಂಗಾಂಗ ದಾನದ ನಂತರ ಸಾವು’ ಎಂಬ ಥರದ ವಾಕ್ಯ ನಮ್ಮಲ್ಲಿ ಮಾಮೂಲಿ. ಅದರ ಅರ್ಥ ಏನಾಯಿತು? ಅಂಗ ತೆಗೆದದ್ದರಿಂದಲೇ ಜೀವ ಹೋಯಿತು ಎಂದಾಯಿತಲ್ವಾ? ಇಷ್ಟು ಭಯಂಕರ ಅರ್ಥ ಕೊಡುವ ವಾಕ್ಯವನ್ನು ಯಾರೂ ಬೇಕೆಂದು ಬರೆಯುವುದಿಲ್ಲ. ಪದ ಅಲ್ಲಿಗೆ ಎಳೆದುಕೊಂಡು ಹೋಗುತ್ತದೆ.

ಕಣ್ಣಿನ ದಾನದಲ್ಲಿ ಈ ತೊಡಕೇ ಇಲ್ಲ. ಡಾ. ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ತೀರಿಕೊಂಡ ಮೇಲೆ ಅವರ ಕಣ್ಣುಗಳನ್ನು ಪಡೆದಾಗ, ಸತ್ತದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ. ಹೃದಯ ನಿಂತ ಮೇಲೂ ಕೆಲವು ಗಂಟೆಗಳ ತನಕ ಕಣ್ಣಿನ ಪಾರದರ್ಶಕ ಪಟಲ ಕೆಡುವುದಿಲ್ಲ. ಹೃದಯ, ಯಕೃತ್ತು, ಮೂತ್ರಪಿಂಡಗಳಿಗೆ ಅಷ್ಟು ತಾಳುವ ಶಕ್ತಿಯಿಲ್ಲ. ಅವು ಕೆಲಸಕ್ಕೆ ಬರಬೇಕಾದರೆ ಸಾಮಾನ್ಯವಾಗಿ ರಕ್ತ ಓಡುತ್ತಿರುವಾಗಲೇ ತೆಗೆಯಬೇಕಾಗುತ್ತದೆ. ನಮ್ಮ ದೇಶದಲ್ಲಿ ಸತ್ತವರಿಂದ ಬರುವ ಇಂಥ ಅಂಗಗಳು ಹೆಚ್ಚೂಕಡಿಮೆ ಎಲ್ಲವೂ ಹೀಗೆ ಪಡೆದವೇ. ಹಾಗಾಗಿ ಎದೆ ಏರಿಳಿಯುತ್ತಿರುವ, ಮೈ ಬೆಚ್ಚಗಿರುವ ದೇಹದ ಮುಂದೆ ನಿಂತು ‘ಇವರು ಸತ್ತಿದ್ದಾರೆ’ ಎಂದು ಹೇಳಬೇಕಾಗುತ್ತದೆ. ಕನ್ನಡಕ್ಕೆ ಕಷ್ಟವಾಗಿರುವುದು ಇಲ್ಲೇ.

1994ರ ಮಾನವ ಅಂಗಾಂಗ ಕಸಿ ಕಾಯ್ದೆಯಲ್ಲಿರುವ ಮಾತು ಇನ್ನೂ ಕರಾರುವಾಕ್ಕಾಗಿದೆ. ಅದು ಹೇಳುವುದು ಮಿದುಳುಕಾಂಡದ ಸಾವನ್ನು. ಮಿದುಳಿನ ಬುಡದಲ್ಲಿ, ಬೆನ್ನುಹುರಿಗೆ ಸೇರುವಲ್ಲಿ ಇರುವ ಭಾಗ ಅದು. ಅದರ ಎಲ್ಲ ಕೆಲಸವೂ ಮತ್ತೆಂದೂ ಬಾರದಂತೆ ನಿಂತಿರಬೇಕು. ಹಾಗೆಂದು ನಾಲ್ವರು ವೈದ್ಯರ ತಂಡ ಪರೀಕ್ಷೆ ಮಾಡಿ ಸಹಿ ಹಾಕಬೇಕು. ಕನಿಷ್ಠ ಆರು ಗಂಟೆ ಬಿಟ್ಟು ಅದೇ ಪರೀಕ್ಷೆಯನ್ನು ಎರಡನೇ ಸಲ ಮಾಡಬೇಕು. ಕಸಿ ಮಾಡುವ ತಂಡದವರು ಈ ನಾಲ್ವರಲ್ಲಿ ಇರುವಂತಿಲ್ಲ.

ಆ ಪರೀಕ್ಷೆಯ ವಿವರ ಓದಿದಾಗ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಕಣ್ಣಿಗೆ ಬೆಳಕು ಬಿಟ್ಟು ಪಾಪೆ ಕಿರಿದಾಗುತ್ತದೆಯೇ ನೋಡುತ್ತಾರೆ. ಹತ್ತಿಯ ಎಳೆ ತಾಗಿಸಿದರೆ ಕಣ್ಣು ಮಿಟುಕುತ್ತದೆಯೇ, ಕಿವಿಗೆ ತಣ್ಣೀರು ಬಿಟ್ಟರೆ ಕಣ್ಣುಗುಡ್ಡೆ ಅಲುಗುತ್ತದೆಯೇ, ಗಂಟಲಿಗೆ ನಳಿಕೆ ತಾಗಿದರೆ ಕೆಮ್ಮು ಬರುತ್ತದೆಯೇ ನೋಡುತ್ತಾರೆ. ಕೊನೆಗೆ ವೆಂಟಿಲೇಟರ್ ಬಿಡಿಸುತ್ತಾರೆ. ನಳಿಕೆಯಲ್ಲಿ ಆಮ್ಲಜನಕ ಹರಿಯುತ್ತಿರುತ್ತದೆ, ಆದರೆ ಯಂತ್ರ ಉಸಿರು ಕೊಡುವುದಿಲ್ಲ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರುತ್ತಾ ಹೋಗುತ್ತದೆ. ಮಿದುಳುಕಾಂಡದಲ್ಲಿ ಒಂದಿಷ್ಟು ಜೀವವಿದ್ದರೂ ಈ ಏರಿಕೆಗೆ ಅದು ಉಸಿರೆಳೆಯಲೇಬೇಕು. ವೈದ್ಯರು ಎದೆಯನ್ನೇ ನೋಡುತ್ತಾ ನಿಲ್ಲುತ್ತಾರೆ. ಒಂದೇ ಒಂದು ಸ್ವಂತ ಉಸಿರು ಬಂದರೂ ಆ ವ್ಯಕ್ತಿ ಸತ್ತಿಲ್ಲ.

ಅಂದರೆ ಇಷ್ಟೆಲ್ಲ ವಿಜ್ಞಾನ ಕಡೆಗೆ ಕೇಳುವುದು ನಮ್ಮ ಹಿರಿಯರು ಮೂಗಿನ ಹತ್ತಿರ ಬೆರಳು ಹಿಡಿದು ಕೇಳುತ್ತಿದ್ದ ಪ್ರಶ್ನೆಯನ್ನೇ. ಕನ್ನಡದಲ್ಲಿ ಸಾವಿನ ಮಾತುಗಳು ಎಷ್ಟೊಂದು ಉಸಿರಿನ ಮೇಲೇ ನಿಂತಿವೆ! ಕೊನೆಯುಸಿರೆಳೆದರು, ಉಸಿರು ನಿಂತಿತು, ಪ್ರಾಣ ಬಿಟ್ಟರು. ‘ಅಸುನೀಗಿದರು’ ಎನ್ನುವಲ್ಲಿನ ಅಸು ಕೂಡ ಉಸಿರು, ಪ್ರಾಣವೇ. ಹಾಗಿರುವಾಗ ಮನೆಯವರಿಗೆ ‘ಮೆದುಳು’ ಎಂಬ ದೂರದ ಅಂಗವನ್ನು ತೋರಿಸಿ ‘ನಿಷ್ಕ್ರಿಯ’ ಎಂಬ ಆಫೀಸಿನ ಪದ ಹೇಳುವುದು ಯಾಕೆ? ‘ಅವರ ಸ್ವಂತ ಉಸಿರು ಹೋಗಿದೆ. ಈಗ ಕಾಣುವುದು ಯಂತ್ರದ ಉಸಿರು’ ಎಂದರೆ ಹತ್ತಿರವಾಗುವುದಿಲ್ಲವೇ?

ಇದನ್ನು ನನ್ನ ಪರಿಚಯದ ವೈದ್ಯರೊಬ್ಬರ ಹತ್ತಿರ ಹೇಳಿದೆ. ಅವರು ಅರ್ಧ ಒಪ್ಪಿದರು. ಕುತ್ತಿಗೆಯ ಮೇಲ್ಭಾಗದಲ್ಲಿ ಬೆನ್ನುಹುರಿ ತುಂಡಾದವರಿಗೂ ಸ್ವಂತ ಉಸಿರು ಇರುವುದಿಲ್ಲ, ಆದರೆ ಅವರು ಎಚ್ಚರವಾಗಿರುತ್ತಾರೆ, ಮಕ್ಕಳನ್ನು ಗುರುತು ಹಿಡಿಯುತ್ತಾರೆ ಎಂದರು. ನ್ಯಾಯವಾದ ಮಾತು. ಅದರ ಉಲ್ಟಾ ಕೂಡ ಇದೆ. ಮುಂಬೈನಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ ನೆನಪಿರಬಹುದು, ನಮ್ಮ ಹಳದೀಪುರದ ಕಡೆಯವರು. ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ 1973ರಿಂದ 2015ರವರೆಗೆ ಹೆಚ್ಚೂಕಡಿಮೆ ಅರಿವಿಲ್ಲದೆ ಹಾಸಿಗೆಯಲ್ಲೇ ಇದ್ದರು. ಅವರ ಉಸಿರಾಟ ಸ್ವಂತದ್ದೇ ಆಗಿತ್ತು. ಅವರ ಮಿದುಳು ಸತ್ತಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಕೋಮಾ ಬೇರೆ, ಅರುಣಾ ಅವರ ಸ್ಥಿತಿ ಬೇರೆ, ಮಿದುಳುಕಾಂಡದ ಸಾವು ಬೇರೆ. ‘ನಿಷ್ಕ್ರಿಯ’ ಎಂಬ ಪದ ಈ ಮೂರಕ್ಕೂ ಹೊಂದಿಕೊಂಡುಬಿಡುತ್ತದೆ. ಅದರ ದೊಡ್ಡ ಕುಂದು ಇದೇ ಎಂದು ನಾನು ಹೇಳುತ್ತೇನೆ.

ಸಾವನ್ನು ಗುರುತಿಸುವ ಬಗ್ಗೆ ಬ್ರಿಟನ್ನಿನ ವೈದ್ಯರ 2008ರ ಸಂಹಿತೆ ಎರಡನ್ನೂ ಸೇರಿಸಿ ಹೇಳಿತ್ತು. ಎಚ್ಚರಗೊಳ್ಳುವ ಶಕ್ತಿಯೂ ಹೋಗಿರಬೇಕು, ಉಸಿರಾಡುವ ಶಕ್ತಿಯೂ ಹೋಗಿರಬೇಕು, ಎರಡೂ ಮತ್ತೆ ಬರುವಂತಿರಬಾರದು. ಇದನ್ನು ಕನ್ನಡದಲ್ಲಿ ಹೀಗೆ ಹೇಳಿ ನೋಡಿದೆ: ‘ಅರಿವೂ ಹೋಗಿದೆ, ಉಸಿರೂ ಹೋಗಿದೆ. ಎರಡೂ ಮತ್ತೆ ಬರುವುದಿಲ್ಲ. ಅವರು ತೀರಿಕೊಂಡಿದ್ದಾರೆ.’ ಕೊನೆಯ ವಾಕ್ಯವನ್ನು ಬಿಡಲೇಬಾರದು ಎಂಬುದು ನನ್ನ ಹಟ. ಹೃದಯ ಯಾಕೆ ಬಡಿಯುತ್ತಿದೆ ಎಂಬುದನ್ನು ಆಮೇಲೆ ವಿವರಿಸಬಹುದು. ಹೃದಯಕ್ಕೆ ತನ್ನದೇ ಬಡಿತವಿದೆ, ಆಮ್ಲಜನಕ ಸಿಗುತ್ತಿರುವಷ್ಟು ಹೊತ್ತು ಮಿದುಳಿನ ಅಪ್ಪಣೆ ಇಲ್ಲದೆಯೂ ಅದು ನಡೆಯುತ್ತದೆ. ಬೆನ್ನುಹುರಿಯಿಂದಾಗಿ ಒಮ್ಮೊಮ್ಮೆ ಬೆರಳು ಅಲುಗುವುದೂ ಉಂಟು. ಇದನ್ನು ಮೊದಲೇ ಹೇಳದಿದ್ದರೆ, ಆ ಬೆರಳು ಕಂಡ ತಾಯಿ ಜೀವಮಾನವಿಡೀ ನರಳುತ್ತಾಳೆ.

ಹೆಸರಿಡುವ ಈ ಕೆಲಸದಲ್ಲಿ ನೀತಿಯ ಪ್ರಶ್ನೆಯೂ ಸೇರಿಕೊಂಡಿದೆ. ‘ಅಂಗಕ್ಕೋಸ್ಕರ ಸಾವಿನ ಅರ್ಥವನ್ನೇ ಬದಲಾಯಿಸಿದರು’ ಎಂಬ ಅನುಮಾನ ಹಳೆಯದು. ಅದು ಸುಮ್ನೆ ಹುಟ್ಟಿದ್ದಲ್ಲ. 1967ರ ಡಿಸೆಂಬರ್‌ನಲ್ಲಿ ಕೇಪ್‌ಟೌನ್‌ನಲ್ಲಿ ಮೊದಲ ಹೃದಯ ಕಸಿ ಆಯಿತು. ಎಂಟು ತಿಂಗಳಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿ ಮಿದುಳಿನ ಸಾವಿನ ಗುರುತುಗಳನ್ನು ಬರೆಯಿತು. ಹೃದಯ ನಿಂತರೇ ಸಾವು ಎಂಬ ಹಳೆಯ ಅಳತೆಯಿಂದ ಕಸಿಗೆ ಅಂಗ ಪಡೆಯುವಲ್ಲಿ ವಿವಾದ ಆಗುತ್ತದೆ ಎಂದು ಆ ವರದಿಯೇ ಕಾರಣ ಕೊಟ್ಟಿದೆ. ನಮ್ಮಲ್ಲೂ ಮಿದುಳುಕಾಂಡದ ಸಾವಿನ ವ್ಯಾಖ್ಯೆ ಇರುವುದು ಕಸಿ ಕಾಯ್ದೆಯಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆ ಮಿದುಳಿನ ಹೆಸರೆತ್ತುವುದಿಲ್ಲ. ಹಾಗಾಗಿ ದಾನ ಬೇಡ ಎಂದ ಮನೆಯವರ ಮುಂದೆ ವೈದ್ಯರಿಗೂ ಅಳುಕು. ಅದೇ ದೇಹ, ಅದೇ ಪರೀಕ್ಷೆ, ಆದರೆ ವೆಂಟಿಲೇಟರ್ ತೆಗೆಯಬಹುದೋ ಬಾರದೋ ಎಂಬ ಗೊಂದಲ. ಕೇರಳ 2020ರಲ್ಲಿ, ದಾನ ಇರಲಿ ಬಿಡಲಿ ಮಿದುಳಿನ ಸಾವನ್ನು ಘೋಷಿಸುವ ಮಾರ್ಗಸೂಚಿ ತಂದಿತು. ಸರಿಯಾದ ದಾರಿ ಅದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಾವು ಸಾವೇ ಆಗಿದ್ದರೆ ಅದು ದಾನದ ಒಪ್ಪಿಗೆಗೆ ಕಾಯಬಾರದು.

ಆದ್ದರಿಂದಲೇ ಮಾಹಿತಿ ಪತ್ರವನ್ನು ಎರಡು ಹಾಳೆ ಮಾಡಿ ಎಂದು ಕೇಳಿದ್ದೇನೆ. ಸಾವಿನ ಸುದ್ದಿಯ ಹಾಳೆಯಲ್ಲಿ ದಾನದ ಮಾತೇ ಬೇಡ. ಎರಡನೆಯದನ್ನು ಮನೆಯವರು ಸುಧಾರಿಸಿಕೊಂಡ ಮೇಲೆ ಕೊಡಲಿ. ಆ ಎರಡನೆಯದರಿಂದ ‘ಸಾವಿನಲ್ಲೂ ಸಾರ್ಥಕತೆ ಮೆರೆದ’ ಎಂಬ ಮಾತನ್ನೂ ತೆಗೆದಿದ್ದೇನೆ. ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಮಾತು, ಗೊತ್ತು. ಆದರೆ ಬೇಡ ಎಂದವರ ಅಪ್ಪನ ಸಾವು ವ್ಯರ್ಥವಾಯಿತೇ? ಕೇಳುವಾಗ ಒತ್ತಡ ಇರಬಾರದು. ‘ಕಸಿ’ ಎಂಬ ಪದವನ್ನು ಮಾತ್ರ ಯಾರೂ ಮುಟ್ಟಬೇಡಿ. ಮಾವಿನ ಗಿಡ ಕಟ್ಟುವವರಿಂದ ಬಂದ ಪದ, ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ಈಗ ನಿಮ್ಮಿಂದ ಬೇಕಾದದ್ದು. ಕಾಯ್ದೆಯ ಪದವಾಗಿ ‘ಮಿದುಳುಕಾಂಡದ ಸಾವು’ ಇಟ್ಟುಕೊಳ್ಳುತ್ತಿದ್ದೇನೆ. ಅದಕ್ಕೆ ತಕರಾರಿದ್ದರೆ ಹೇಳಿ. ಬರೀ ‘ಮಿದುಳಿನ ಸಾವು’ ಎಂದರೆ ‘ಮಿದುಳು ತಾನೇ ಸತ್ತಿರೋದು, ಮನುಷ್ಯ ಇದ್ದಾನಲ್ಲ’ ಎಂಬ ಮಾತು ಬರಬಹುದೆಂಬ ಭಯವಿದೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆ ಆಸ್ಪತ್ರೆಗಳಲ್ಲಿ ಮನೆಯವರಿಗೆ ಬಾಯಿಮಾತಿನಲ್ಲಿ ಏನು ಹೇಳುತ್ತಾರೆ? ಶ್ರಾದ್ಧ ಮಾಡುವ ಮನೆಗಳಲ್ಲಿ ತಿಥಿಗೆ ಯಾವ ದಿನ ಹಿಡಿಯುತ್ತಾರೆ, ವೈದ್ಯರು ಘೋಷಿಸಿದ ದಿನವೋ, ಹೃದಯ ನಿಂತ ದಿನವೋ? ಗೊತ್ತಿರುವವರು ದಯವಿಟ್ಟು ಬರೆಯಿರಿ. ಪತ್ರದಲ್ಲಿ ಅದಕ್ಕೂ ಒಂದು ಸಾಲು ಸೇರಿಸಬೇಕಾಗಿದೆ.