ಬೇರೆ ಬೇರೆ ಕಂಪನಿಯ ವಾಕಿಟಾಕಿಗಳು ಒಂದೇ ಚಾನೆಲ್‌ನಲ್ಲಿ ಮಾತನಾಡುವಂತೆ ಮಾಡುವುದು ಹೇಗೆ?

ಪ್ರಶ್ನೆ: ಕಬ್ಬಿನ ಯಾರ್ಡ್, ಮಂಡ್ಯ ಜಿಲ್ಲೆ

ಮಾನ್ಯರಿಗೆ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ಮೇಲ್ವಿಚಾರಕನಾಗಿದ್ದೇನೆ. ಕಬ್ಬಿನ ಯಾರ್ಡ್, ವೇಬ್ರಿಡ್ಜ್, ಮಿಲ್ ಹೌಸ್ ಮತ್ತು ಬಾಯ್ಲರ್ ನಡುವಿನ ಮಾತುಕತೆಗೆ ಹನ್ನೆರಡು ಕೆನ್‌ವುಡ್ ಯುಎಚ್‌ಎಫ್ ಸೆಟ್‌ಗಳನ್ನು ಹಲವು ಹಂಗಾಮುಗಳಿಂದ ಬಳಸುತ್ತಿದ್ದೇವೆ. ಕಾರ್ಖಾನೆಯ ಹೆಸರಿನಲ್ಲಿ ಪರವಾನಗಿಯೂ ಇದೆ. ಈ ಬಾರಿ ಕಬ್ಬು ಅರೆಯಲು ಶುರುಮಾಡುವ ಮುನ್ನ ಮೊಟೊರೋಲಾ ಕಂಪನಿಯ ಹತ್ತು ಸೆಟ್‌ಗಳು ಬಂದವು. ಅವುಗಳಲ್ಲಿ ಆರು ಸಾದಾ ಅನಲಾಗ್, ನಾಲ್ಕು ಡಿಎಂಆರ್ ಡಿಜಿಟಲ್. ತಂದುಕೊಟ್ಟವರು ‘ನಿಮ್ಮ ಫ್ರೀಕ್ವೆನ್ಸಿ ಹಾಕಿದ್ದೇವೆ, ಇನ್ನು ಮಾತನಾಡಬಹುದು’ ಎಂದು ಹೇಳಿ ಹೋದರು.

ಆದರೆ ಆಗುತ್ತಿರುವುದು ಹೀಗೆ. ಒಂದನೇ ಚಾನೆಲ್‌ನಲ್ಲಿ ಯಾರ್ಡ್‌ನವರು ಹಳೆಯ ಸೆಟ್‌ನಿಂದ ಮಾತನಾಡಿದರೆ ವೇಬ್ರಿಡ್ಜ್‌ನ ಹೊಸ ಸೆಟ್‌ಗೆ ಸ್ಪಷ್ಟವಾಗಿ ಕೇಳುತ್ತದೆ. ವೇಬ್ರಿಡ್ಜ್‌ನವರು ಉತ್ತರಿಸಿದರೆ ಯಾರ್ಡ್‌ನ ಸೆಟ್‌ನಲ್ಲಿ ಹಸಿರು ದೀಪ ಉರಿಯುತ್ತದೆಯೇ ಹೊರತು ಒಂದು ಶಬ್ದವೂ ಬರುವುದಿಲ್ಲ. ಎರಡನೇ ಚಾನೆಲ್ ಮಿಲ್ ಹೌಸ್‌ನದು. ಅಲ್ಲಿ ಹಳೆಯದು ಹೊಸದಕ್ಕೂ ಕೇಳುವುದಿಲ್ಲ, ಹೊಸದು ಹಳೆಯದಕ್ಕೂ ಕೇಳುವುದಿಲ್ಲ, ಎರಡರಲ್ಲೂ ದೀಪ ಮಾತ್ರ. ಡಿಜಿಟಲ್ ಸೆಟ್‌ನಿಂದ ಒಂದನೇ ಚಾನೆಲ್‌ನಲ್ಲಿ ಮಾತನಾಡಿದರೆ ಹೊಸ ಆರು ಸೆಟ್‌ಗಳಲ್ಲಿ ಗರಗಸ ಎಳೆದಂತಹ ಸದ್ದು ಕೇಳಿಸುತ್ತದೆ, ಹಳೆಯವು ಸುಮ್ಮನಿರುತ್ತವೆ.

ವಿಚಾರಿಸಿದರೆ ‘ಎಲ್ಲವನ್ನೂ ಒಂದೇ ಕಂಪನಿಯದು ತೆಗೆದುಕೊಳ್ಳಬೇಕಿತ್ತು’ ಎನ್ನುತ್ತಾರೆ. ಈ ಮಾತು ನಿಜವೇ? ನಿಜವಲ್ಲವಾದರೆ ಇದನ್ನು ನಾವೇ ಸರಿಪಡಿಸಿಕೊಳ್ಳಲು ಸಾಧ್ಯವೇ? ಟ್ರ್ಯಾಕ್ಟರ್‌ಗಳ ಸಾಲು ರಸ್ತೆಯವರೆಗೆ ಬಂದು ನಿಂತಿರುವಾಗ ವೇಬ್ರಿಡ್ಜ್‌ನಿಂದ ಯಾರ್ಡ್‌ಗೆ ಆಳನ್ನು ಓಡಿಸುವ ಪರಿಸ್ಥಿತಿ ಬಂದಿದೆ.

ಉತ್ತರ 1: ಸೆಟ್ ರಿಪೇರಿ, ಮೈಸೂರು

ನಿಜವಲ್ಲ. ಗಾಳಿಯಲ್ಲಿ ಹೋಗುವ ಅಲೆಗೆ ಕಂಪನಿಯ ಹೆಸರು ಅಂಟಿಕೊಂಡಿರುವುದಿಲ್ಲ. ಫ್ರೀಕ್ವೆನ್ಸಿ, ಟೋನ್, ಚಾನೆಲ್‌ನ ಅಗಲ ಹಾಗೂ ಅನಲಾಗೋ ಡಿಜಿಟಲೋ ಎಂಬ ವಿಧಾನ, ಇಷ್ಟು ಹೊಂದಿಕೊಂಡರೆ ಯಾವ ಕಂಪನಿಯ ಸೆಟ್ ಆದರೂ ಇನ್ನೊಂದರೊಡನೆ ಮಾತನಾಡುತ್ತದೆ. ಬೆರೆಸಲಾಗದೆ ಇರುವುದು ಬ್ಯಾಟರಿ, ಚಾರ್ಜರ್, ಇಯರ್‌ಫೋನ್ ಮತ್ತು ಪ್ರೋಗ್ರಾಮಿಂಗ್ ಕೇಬಲ್ ಮಾತ್ರ. ನಿಮ್ಮ ಮೂರು ಲಕ್ಷಣಗಳನ್ನು ಇಷ್ಟು ಸರಿಯಾಗಿ ಬರೆದಿರುವುದರಿಂದ ಸೆಟ್‌ಗಳನ್ನು ನೋಡದೆಯೂ ಬಹುಪಾಲು ಹೇಳಬಹುದು.

ದೀಪ ಉರಿದು ಧ್ವನಿ ಬರುವುದಿಲ್ಲವೆಂದರೆ ಫ್ರೀಕ್ವೆನ್ಸಿ ಸರಿಯಾಗಿದೆ, ಟೋನ್ ಸರಿಯಾಗಿಲ್ಲ ಎಂದರ್ಥ. ಟೋನ್ ಎನ್ನುವುದು ಮಾತಿನ ಅಡಿಯಲ್ಲಿ ಕಿವಿಗೆ ಬೀಳದಂತೆ ಸಾಗುವ ತಗ್ಗು ಸ್ವರ. ಸಿಟಿಸಿಎಸ್‌ಎಸ್ ಎಂಬ ಪದ್ಧತಿಯಲ್ಲಿ ಇದು 67.0 ರಿಂದ 254.1 ಹರ್ಟ್ಸ್‌ವರೆಗೆ ಗೊತ್ತುಪಡಿಸಿದ ಒಂದು ಸಂಖ್ಯೆಯಾಗಿರುತ್ತದೆ. ಪರ್ಮಿಟ್ ಚೀಟಿ ಇಲ್ಲದ ಕಬ್ಬಿನ ಗಾಡಿಯನ್ನು ನಿಮ್ಮ ಗೇಟಿನವರು ಹೇಗೆ ಒಳಗೆ ಬಿಡುವುದಿಲ್ಲವೋ, ಹಾಗೆಯೇ ತನಗೆ ಬರೆದಿಟ್ಟ ಟೋನ್ ಇಲ್ಲದ ಮಾತಿಗೆ ಸೆಟ್ ತನ್ನ ಸ್ಪೀಕರನ್ನು ತೆರೆಯುವುದಿಲ್ಲ. ನಿಮ್ಮ ಹಳೆಯ ಸೆಟ್‌ಗಳು ಟೋನ್ ಕಳುಹಿಸುತ್ತಲೂ ಇವೆ, ಕೇಳುತ್ತಲೂ ಇವೆ. ಹೊಸ ಆರು ಸೆಟ್‌ಗಳ ಒಂದನೇ ಚಾನೆಲ್‌ಗೆ ಯಾವ ಟೋನನ್ನೂ ಬರೆದಿಲ್ಲ. ಹೀಗಾಗಿ ಅವು ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತವೆ, ಆದರೆ ಅವುಗಳ ಮಾತನ್ನು ಹಳೆಯವು ಒಳಗೆ ಬಿಡುವುದಿಲ್ಲ. ನಿಮ್ಮ ಮೂರನೆಯ ಲಕ್ಷಣವೂ ಇದನ್ನೇ ಹೇಳುತ್ತದೆ: ಡಿಜಿಟಲ್ ಸೆಟ್‌ನ ಗರಗರ ಸದ್ದು ಬಾಗಿಲು ತೆರೆದಿಟ್ಟುಕೊಂಡ ಹೊಸ ಸೆಟ್‌ಗಳಿಗೆ ಮಾತ್ರ ಕೇಳಿಸಿತು.

ಗೊಂದಲಕ್ಕೆ ಕಾರಣ ಹೆಸರುಗಳು. ಕೆನ್‌ವುಡ್‌ನವರು ‘ಕ್ಯೂಟಿ’ ಎಂದು ಕರೆಯುವುದನ್ನೇ ಮೊಟೊರೋಲಾದವರು ‘ಪಿಎಲ್’ ಎನ್ನುತ್ತಾರೆ, ಹಲವರು ಸಿಟಿಸಿಎಸ್‌ಎಸ್ ಎಂದೇ ಬರೆಯುತ್ತಾರೆ. ಡಿಸಿಎಸ್ ಎಂಬ ಅಂಕಿ ಸಂಕೇತದ ಪದ್ಧತಿಗೆ ಒಬ್ಬರಲ್ಲಿ ‘ಡಿಕ್ಯೂಟಿ’, ಇನ್ನೊಬ್ಬರಲ್ಲಿ ‘ಡಿಪಿಎಲ್’. ಹೆಸರನ್ನು ನೋಡಿ ‘ಇದು ನಮ್ಮದರಲ್ಲಿ ಇಲ್ಲ’ ಎಂದುಕೊಂಡು ಖಾಲಿ ಬಿಟ್ಟು ಹೋಗುವವರನ್ನು ನಾನು ಬಹಳ ನೋಡಿದ್ದೇನೆ. ಇದನ್ನು ‘ಪ್ರೈವೇಟ್ ಲೈನ್’ ಎಂದು ಕರೆದಿರುವುದರಿಂದ ಮಾತು ಗುಟ್ಟಾಗಿರುತ್ತದೆ ಎಂಬ ಭ್ರಮೆಯೂ ಬೇಡ. ಟೋನ್ ಹಾಕದ ಸೆಟ್ ಹಿಡಿದವರಿಗೆ ಎಲ್ಲವೂ ಕೇಳಿಸುತ್ತದೆ.

ಮಾಡಬೇಕಾದದ್ದು ಇಷ್ಟು. ಮೊದಲು ಚೆನ್ನಾಗಿ ಕೆಲಸ ಮಾಡುತ್ತಿರುವ ಒಂದು ಹಳೆಯ ಸೆಟ್ಟನ್ನು ಕಂಪ್ಯೂಟರ್‌ಗೆ ಜೋಡಿಸಿ, ಅದರೊಳಗಿನದನ್ನು ಓದಿಸಿ, ಆ ಫೈಲನ್ನು ದಿನಾಂಕ ಸಹಿತ ಉಳಿಸಿಕೊಳ್ಳಿ. ಕೆನ್‌ವುಡ್‌ಗೆ ಕೆಪಿಜಿ ಸರಣಿಯ ತಂತ್ರಾಂಶ ಬೇಕು, ಮೊಟೊರೋಲಾಗೆ ಸಿಪಿಎಸ್ ಬೇಕು. ಒಂದರ ಫೈಲ್ ಇನ್ನೊಂದರಲ್ಲಿ ತೆರೆಯುವುದಿಲ್ಲ. ಆದ್ದರಿಂದ ನಡುವೆ ಒಂದು ಬಿಳಿ ಹಾಳೆ ಇಟ್ಟುಕೊಂಡು, ಪ್ರತಿ ಚಾನೆಲ್‌ಗೂ ಕಳುಹಿಸುವ ಫ್ರೀಕ್ವೆನ್ಸಿ, ಕೇಳುವ ಫ್ರೀಕ್ವೆನ್ಸಿ, ಕಳುಹಿಸುವ ಟೋನ್, ಕೇಳುವ ಟೋನ್, ಅಗಲ, ಇವನ್ನು ಕೈಯಿಂದ ಬರೆದುಕೊಳ್ಳಿ. ಟೋನಿಗೆ ಎರಡು ಮನೆಗಳಿರುವುದನ್ನು ಮರೆಯಬೇಡಿ. ಒಂದನ್ನು ತುಂಬಿ ಇನ್ನೊಂದನ್ನು ಬಿಟ್ಟರೆ ಈಗಿನಂತೆಯೇ ಒಂದು ಕಿವಿ ಮುಚ್ಚಿರುತ್ತದೆ.

ಅಗಲದ ಮಾತು. ಹಳೆಯವು 25 ಕಿಲೋಹರ್ಟ್ಸ್ ಅಗಲದಲ್ಲಿದ್ದು ಹೊಸವು 12.5ರಲ್ಲಿದ್ದರೆ ಮಾತು ಕೇಳುತ್ತದೆ, ಆದರೆ ಹೊಸದರ ಧ್ವನಿ ಹಳೆಯದರಲ್ಲಿ ಸಣ್ಣಗೆ, ಹಳೆಯದರ ಧ್ವನಿ ಹೊಸದರಲ್ಲಿ ಒಡೆದಂತೆ ಕೇಳುತ್ತದೆ. ಮಿಲ್ ಹೌಸ್‌ನ ಗದ್ದಲದಲ್ಲಿ ಸಣ್ಣಗೆ ಕೇಳುವುದೂ ಕೇಳದಿರುವುದೂ ಒಂದೇ. ಕೆನ್‌ವುಡ್ ಮತ್ತು ಮೊಟೊರೋಲಾದ ಎರಡು ಪಿನ್‌ಗಳ ನಡುವಿನ ಅಂತರ ಬೇರೆಯಾದ್ದರಿಂದ ಕೇಬಲ್‌ಗಳನ್ನೂ ಬೇರೆಯಾಗಿಯೇ ತರಬೇಕು. ಸೆಟ್ ಉತ್ತರಿಸುತ್ತಿಲ್ಲ ಎಂದು ಕಂಪ್ಯೂಟರ್ ಹೇಳಿದರೆ ಸೆಟ್ಟನ್ನು ದೂರುವ ಮೊದಲು ಪಿನ್ನನ್ನು ಒತ್ತಿ ನೋಡಿ. ಕಬ್ಬಿನ ಸಿಪ್ಪೆಯ ಧೂಳು ಅಂಟಿದ ಸಾಕೆಟ್‌ನಲ್ಲಿ ಪಿನ್ ಕೂದಲೆಳೆಯಷ್ಟು ಹೊರಗುಳಿದರೂ ಸಂಪರ್ಕ ಆಗುವುದಿಲ್ಲ; ಹಲ್ಲುಜ್ಜುವ ಹಳೆಯ ಬ್ರಷ್ಷೇ ಇದಕ್ಕೆ ಔಷಧ.

ಡಿಜಿಟಲ್ ಸೆಟ್‌ಗಳ ಮಟ್ಟಿಗೆ, ನಿಮ್ಮ ಹಳೆಯ ಅನಲಾಗ್ ಸೆಟ್‌ಗಳಿಗೆ ಡಿಎಂಆರ್ ಎಂದಿಗೂ ಅರ್ಥವಾಗುವುದಿಲ್ಲ. ಆದರೆ ಆ ನಾಲ್ಕು ಸೆಟ್‌ಗಳಲ್ಲಿ ಚಾನೆಲ್‌ಗಳನ್ನು ಅನಲಾಗ್ ಎಂದೂ ಬರೆಯಬಹುದು. ಹಾಗೆ ಬರೆದು ಟೋನ್ ಕೊಟ್ಟರೆ ಅವೂ ಉಳಿದವುಗಳ ಜೊತೆ ಸೇರುತ್ತವೆ. ದುಬಾರಿ ಸೆಟ್‌ನಿಂದ ಸಾದಾ ಕೆಲಸ ಮಾಡಿಸಿದಂತೆ ಆಗುತ್ತದೆ ನಿಜ, ಆದರೆ ಸದ್ಯಕ್ಕೆ ಅದೇ ದಾರಿ.

ಉತ್ತರ 2: ಹವ್ಯಾಸಿ ರೇಡಿಯೋ, ಸರಸ್ವತಿಪುರಂ

ಮೇಲಿನವರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಿಮ್ಮ ಪರವಾನಗಿ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ್ದು. ಬದಲಾವಣೆಗೆ ಕೈ ಹಾಕುವ ಮುನ್ನ ಆ ಕಾಗದವನ್ನು ತೆಗೆದು ಫ್ರೀಕ್ವೆನ್ಸಿ, ಶಕ್ತಿ, ಸೆಟ್‌ಗಳ ಸಂಖ್ಯೆ ಇವನ್ನು ಓದಿಕೊಳ್ಳಿ. ಹನ್ನೆರಡು ಸೆಟ್‌ಗೆ ಪಡೆದ ಪರವಾನಗಿಯ ಕೆಳಗೆ ಇಪ್ಪತ್ತೆರಡು ಸೆಟ್ ಓಡಿಸುವಂತಿಲ್ಲ. ಪ್ರಸಾರದ ಬಗೆಯ ಸಂಕೇತ ಬರೆದಿದ್ದರೆ ಅದೂ ಉಪಯೋಗಕ್ಕೆ ಬರುತ್ತದೆ: 16ಕೆ0ಎಫ್3ಇ ಎಂದರೆ ಅಗಲದ ಅನಲಾಗ್, 11ಕೆ0ಎಫ್3ಇ ಎಂದರೆ ಕಿರಿದಾದ ಅನಲಾಗ್; ಡಿಎಂಆರ್‌ನದು 7ಕೆ60 ಎಂದು ಆರಂಭವಾಗುತ್ತದೆ. ಯಾವ ಅಗಲ ಹಾಕಬೇಕು ಎಂಬುದನ್ನು ಹಳೆಯ ಸೆಟ್‌ಗಿಂತ ಮೊದಲು ಆ ಕಾಗದ ನಿರ್ಧರಿಸಬೇಕು.

ಇನ್ನೊಂದು ಎಚ್ಚರಿಕೆ. ಸೆಟ್ ಸಾಲದಾದಾಗ ಬಾವೋಫೆಂಗ್ ಯುವಿ-5ಆರ್‌ನಂತಹ ಅಗ್ಗದ ಸೆಟ್‌ಗೆ ಅದೇ ಫ್ರೀಕ್ವೆನ್ಸಿ ತುಂಬಿಕೊಂಡರಾಯಿತು ಎಂದು ಯಾರಾದರೂ ಖಂಡಿತ ಸಲಹೆ ಕೊಡುತ್ತಾರೆ. ಚಿರ್ಪ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಹತ್ತು ನಿಮಿಷದಲ್ಲಿ ಮಾಡಬಹುದು ಎಂಬುದೂ ನಿಜ. ಆದರೆ ಮುಂಭಾಗದ ಗುಂಡಿಗಳಿಂದಲೇ ಬೇಕಾದ ಫ್ರೀಕ್ವೆನ್ಸಿಗೆ ಜಿಗಿಯುವ ಸೆಟ್ಟನ್ನು ಯಾರ್ಡ್‌ನ ಹುಡುಗರ ಕೈಗೆ ಕೊಟ್ಟರೆ, ಯಾವ ಹೊತ್ತಿನಲ್ಲಿ ಯಾರ ಚಾನೆಲ್‌ನಲ್ಲಿ ಮಾತನಾಡುತ್ತಾರೆಂದು ಹೇಳಲಾಗದು. ನಮ್ಮಂತಹ ಹವ್ಯಾಸಿಗಳಿಗೆ 144ರಿಂದ 146 ಮತ್ತು 434ರಿಂದ 438 ಮೆಗಾಹರ್ಟ್ಸ್ ಇವೆ. ಅಲ್ಲಿ ವ್ಯವಹಾರದ ಮಾತು ನಿಷಿದ್ಧ. ಹವ್ಯಾಸಿ ಪರವಾನಗಿ ಇರುವ ಸಿಬ್ಬಂದಿ ನಿಮ್ಮಲ್ಲಿದ್ದರೂ ಅದು ಕಾರ್ಖಾನೆಯ ಕೆಲಸಕ್ಕೆ ಬರುವುದಿಲ್ಲ. ಪರವಾನಗಿ ಬೇಡದ ಸೆಟ್‌ಗಳೇ ಸಾಕೆನ್ನುವ ಸಣ್ಣ ಜಾಗಗಳಿಗೆ 2018ರ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಸ್ ಬಿಟ್ಟುಕೊಟ್ಟಿದ್ದಾರೆ. ಅಂತಹ ಸೆಟ್‌ಗೂ ಇಟಿಎ ಎಂಬ ಮಾದರಿ ಅನುಮೋದನೆ ಇರಬೇಕು. ಕಬ್ಬಿಣದ ಕಟ್ಟಡಗಳ ನಡುವೆ ಆ ಅಲ್ಪ ಶಕ್ತಿ ನಿಮಗೆ ಸಾಲದು.

‘ಮೊದಲು ಓದಿಸಿ ಉಳಿಸಿಕೊಳ್ಳಿ’ ಎಂದಿದ್ದಾರಲ್ಲ, ಅದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಸ್ನೇಹಿತರೊಬ್ಬರ ಸೆಟ್‌ಗೆ ಹೊಸ ಫೈಲ್ ತೆರೆದು, ಎರಡು ಚಾನೆಲ್ ಬರೆದು ನೇರವಾಗಿ ತುಂಬಿಸಿದೆ. ಎರಡು ಚಾನೆಲ್ ಬಂದವು. ಅವರು ವರ್ಷಗಳಿಂದ ಕೂಡಿಸಿಟ್ಟಿದ್ದ ಉಳಿದ ಚಾನೆಲ್‌ಗಳೆಲ್ಲ ಹೋದವು. ಅವರು ಏನೂ ಅನ್ನಲಿಲ್ಲ, ಕಾಫಿಯನ್ನೂ ಕೊಟ್ಟರು; ಆದರೆ ಮತ್ತೆಂದೂ ಸೆಟ್ಟನ್ನು ನನ್ನ ಕೈಗೆ ಕೊಟ್ಟಿಲ್ಲ.

ಉತ್ತರ 3: ವಸತಿ ಸಮುಚ್ಚಯದ ಕಾರ್ಯದರ್ಶಿ, ವಿಜಯನಗರ, ಮೈಸೂರು

ನಮ್ಮ ಕಾವಲುಗಾರರ ಬಳಿ ಇರುವ ಪರವಾನಗಿ ಬೇಡದ 446 ಸೆಟ್‌ಗಳಲ್ಲಿ ಇದೇ ತೊಂದರೆ ಬೇರೆ ವೇಷದಲ್ಲಿ ಬಂದಿತ್ತು. ಒಂದು ಕಂಪನಿಯ ಸೆಟ್ ‘ಚಾನೆಲ್ 5, ಕೋಡ್ 12’ ಎನ್ನುತ್ತದೆ, ಇನ್ನೊಂದು ಹರ್ಟ್ಸ್‌ನಲ್ಲಿ ಸಂಖ್ಯೆ ಕೇಳುತ್ತದೆ. ಎರಡೂ ಕೈಪಿಡಿಗಳ ಕೊನೆಯ ಪುಟದ ಪಟ್ಟಿ ನೋಡಿದ ಮೇಲೆ, 38 ಕೋಡ್‌ಗಳ ಆ ಪಟ್ಟಿಯಲ್ಲಿ 12 ಎಂದರೆ 100.0 ಹರ್ಟ್ಸ್ ಎಂದು ತಿಳಿಯಿತು. ಇನ್ನೂ ಹೆಚ್ಚು ಟೋನ್‌ಗಳಿರುವ ಸೆಟ್‌ಗಳಲ್ಲಿ 69.3 ಹರ್ಟ್ಸ್ ನಡುವೆ ಸೇರಿಕೊಂಡು ಮುಂದಿನ ಕ್ರಮಸಂಖ್ಯೆಗಳೆಲ್ಲ ಸರಿದುಬಿಡುತ್ತವೆ. ಹೀಗಾಗಿ ಹಾಳೆಯಲ್ಲಿ ಕೋಡ್ ಸಂಖ್ಯೆ ಬರೆಯದೆ ಹರ್ಟ್ಸ್‌ನಲ್ಲೇ ಬರೆದುಕೊಳ್ಳುವುದು ಕ್ಷೇಮ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಪರವಾನಗಿಯ ಪ್ರತಿಯನ್ನು ಆಡಳಿತ ಕಚೇರಿಯಿಂದ ತರಿಸಿ ನೋಡಿದೆ. ಹೊಸ ಹತ್ತು ಸೆಟ್‌ಗಳನ್ನೂ ಸೇರಿಸಿಯೇ ನವೀಕರಿಸಿದ್ದಾರೆ, ಡಿಜಿಟಲ್ ಪ್ರಸಾರದ ಉಲ್ಲೇಖ ಎಲ್ಲಿಯೂ ಇಲ್ಲ. ಆದ್ದರಿಂದ ನಾಲ್ಕು ಸೆಟ್‌ಗಳನ್ನು ಅನಲಾಗ್‌ಗೆ ಬದಲಿಸುವ ವಿಷಯದಲ್ಲಿ ಯೋಚಿಸುವುದೇನೂ ಉಳಿಯಲಿಲ್ಲ.

ಹಳೆಯ ಸೆಟ್ ಓದಿಸಿದಾಗ ಒಂದನೇ ಚಾನೆಲ್‌ನ ಎರಡೂ ಮನೆಗಳಲ್ಲಿ 110.9 ಎಂದಿತ್ತು, ಹೊಸದರಲ್ಲಿ ಎರಡೂ ಖಾಲಿ. 110.9 ತುಂಬಿಸಿದ ಕೂಡಲೇ ವೇಬ್ರಿಡ್ಜ್‌ಗೂ ಯಾರ್ಡ್‌ಗೂ ಮಾತು ಕೂಡಿತು. ಅಗಲವೂ ಬೇರೆ ಬೇರೆ ಇತ್ತು, ಕಾಗದದಲ್ಲಿ ಇರುವಂತೆ ಎಲ್ಲವನ್ನೂ 12.5ಕ್ಕೆ ತಂದೆ. ಆದರೆ ಎರಡನೇ ಚಾನೆಲ್ ಮಾತ್ರ ಇನ್ನೂ ಮೂಗಿಯಾಗಿದೆ. ಹಳೆಯದರಲ್ಲಿ ಡಿಕ್ಯೂಟಿ 023 ಎಂದಿದೆ, ಹೊಸದರಲ್ಲಿಯೂ ಡಿಪಿಎಲ್ 023 ಎಂದೇ ಇದೆ, ಕಳುಹಿಸಲೂ ಕೇಳಲೂ ಅದೇ ಸಂಖ್ಯೆ. ಇನ್ನೇನು ಹೊಂದಿಸಬೇಕು?

ಉತ್ತರ 1ರವರು ಮತ್ತೆ

ಸಂಖ್ಯೆಯ ಪಕ್ಕದಲ್ಲಿ ಒಂದು ಅಕ್ಷರವೋ, ‘ಇನ್ವರ್ಟ್’ ಎಂಬ ಚಿಕ್ಕ ಚೌಕವೋ ಇರುತ್ತದೆ, ಅದನ್ನು ನೋಡಿ. ಡಿಸಿಎಸ್ ಸಂಕೇತ ಸೊನ್ನೆ ಒಂದುಗಳ ಸಾಲಾದ್ದರಿಂದ ಅದನ್ನು ನೇರವಾಗಿಯೂ ತಲೆಕೆಳಗಾಗಿಯೂ ಕಳುಹಿಸಬಹುದು. ನೇರಕ್ಕೆ ‘ಎನ್’, ತಲೆಕೆಳಗಿಗೆ ‘ಐ’ ಎಂದು ಗುರುತು. ತಲೆಕೆಳಗಾದ 023 ನೇರವಾದ 047ಕ್ಕೆ ಸಮ. ಅಂದರೆ ಎರಡು ಸೆಟ್‌ಗಳೂ 023 ಎಂದು ತೋರಿಸುತ್ತಿದ್ದರೂ ಒಂದು 023 ಎನ್ನುತ್ತಿದೆ, ಇನ್ನೊಂದು 047 ಎನ್ನುತ್ತಿದೆ. ಹೊಸದರಲ್ಲಿ ಆ ಚೌಕದ ಗುರುತನ್ನು ತೆಗೆದು ನೇರಕ್ಕೆ ತನ್ನಿ. ಕಳುಹಿಸುವ ಕಡೆಗೂ ಕೇಳುವ ಕಡೆಗೂ ಬೇರೆ ಬೇರೆ ಚೌಕಗಳಿರುತ್ತವೆ.

ಪ್ರಶ್ನೆ ಕೇಳಿದವರು

ಅದೇ ಆಗಿತ್ತು. ಎರಡೂ ಚೌಕಗಳಲ್ಲಿ ಗುರುತಿತ್ತು. ತೆಗೆದ ಮೇಲೆ ಮಿಲ್ ಹೌಸ್‌ನಿಂದ ಬಾಯ್ಲರ್‌ವರೆಗೆ ಇಪ್ಪತ್ತೆರಡು ಸೆಟ್‌ಗಳನ್ನೂ ಒಂದೊಂದಾಗಿ ಕರೆದು ನೋಡಿದೆ, ಎಲ್ಲವೂ ಉತ್ತರಿಸಿದವು. ಒಂದು ಸಣ್ಣ ಕಿರಿಕಿರಿ ಉಳಿದಿದೆ. ಒಂದನೇ ಚಾನೆಲ್‌ನಲ್ಲಿ ಹೊಸ ಸೆಟ್‌ನವರು ಮಾತು ಮುಗಿಸಿ ಪಿಟಿಟಿ ಗುಂಡಿ ಬಿಟ್ಟಾಗ ಹಳೆಯ ಸೆಟ್‌ನಲ್ಲಿ ‘ಖರ್’ ಎಂದು ಒಂದು ಕ್ಷಣ ಸದ್ದು ಬರುತ್ತದೆ. ಹಳೆಯದರಿಂದ ಹಳೆಯದಕ್ಕೆ ಮಾತನಾಡಿದರೆ ಬರುವುದಿಲ್ಲ. ಇದು ಸೆಟ್‌ನ ದೋಷವೇ?

ಉತ್ತರ 1ರವರು

ದೋಷವಲ್ಲ. ಗುಂಡಿ ಬಿಟ್ಟ ಕ್ಷಣದಲ್ಲಿ ಸೆಟ್ ತನ್ನ ಟೋನ್‌ನ ಅಲೆಯನ್ನು ಥಟ್ಟನೆ ತಿರುಗಿಸಿ ಕಳುಹಿಸುತ್ತದೆ. ಆಚೆಯ ಸೆಟ್ ಅದನ್ನು ಗುರುತಿಸಿ, ಅಲೆ ನಿಲ್ಲುವ ಮೊದಲೇ ಸ್ಪೀಕರನ್ನು ಮುಚ್ಚುತ್ತದೆ. ಈ ತಿರುವು ಕೆಲವರಲ್ಲಿ 120 ಡಿಗ್ರಿ, ಕೆಲವರಲ್ಲಿ 180 ಡಿಗ್ರಿ. ಎರಡೂ ಕಡೆ ಒಂದೇ ಅಳತೆ ಇಲ್ಲದಾಗ ಸ್ಪೀಕರ್ ತಡವಾಗಿ ಮುಚ್ಚಿಕೊಂಡು ಆ ಬಾಲದ ಸದ್ದು ಕೇಳಿಸುತ್ತದೆ. ನಿಮ್ಮ ಹೊಸ ಸೆಟ್‌ನ ತಂತ್ರಾಂಶದಲ್ಲಿ ರಿವರ್ಸ್ ಬರ್ಸ್ಟ್ ಎಂಬ ಆಯ್ಕೆ ಇದ್ದರೆ ಒಂದು ಸೆಟ್‌ನಲ್ಲಿ ಮಾತ್ರ ಬದಲಿಸಿ ನೋಡಿ, ಸದ್ದು ಹೋದರೆ ಉಳಿದವಕ್ಕೂ ಬರೆಯಿರಿ. ಆ ಆಯ್ಕೆ ಇಲ್ಲದಿದ್ದರೆ ಹಾಗೆಯೇ ಬಿಟ್ಟುಬಿಡಿ; ವೇಬ್ರಿಡ್ಜ್‌ನವರ ಮಾತು ಮುಗಿಯಿತೆಂದು ಯಾರ್ಡ್‌ನವರಿಗೆ ತಿಳಿಯಲು ಅದೂ ಒಂದು ಗುರುತಾಗುತ್ತದೆ.