ನೆಲದೊಳಗಿನ ಫೈಬರ್‌ಗ್ಲಾಸ್ ಈಜುಕೊಳವನ್ನು ಖಾಲಿ ಮಾಡಿ ತೊಳೆಯಬಹುದೇ?

ಪ್ರಶ್ನೆ: ಹಿತ್ತಲಮನೆ, ಬ್ರಿಸ್ಬೇನ್

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ನಾವು ಬ್ರಿಸ್ಬೇನ್ ನಗರದ ದಕ್ಷಿಣ ಭಾಗದಲ್ಲಿ ಒಂದು ಹಳೆಯ ಮನೆಯನ್ನು ಕೊಂಡೆವು. ಅದರ ಹಿತ್ತಲಿನಲ್ಲಿ ನೆಲದೊಳಗೆ ಇಳಿಸಿರುವ ಫೈಬರ್‌ಗ್ಲಾಸ್ ಈಜುಕೊಳವಿದೆ. ಉದ್ದ 8 ಮೀಟರ್, ಅಗಲ 4 ಮೀಟರ್, ಸರಾಸರಿ ಆಳ 1.4 ಮೀಟರ್, ಅಂದರೆ ಸುಮಾರು 45,000 ಲೀಟರ್ ನೀರು ಹಿಡಿಯುತ್ತದೆ. ಕೊಳಕ್ಕೆ 20 ವರ್ಷ ದಾಟಿದೆಯೆಂದು ಹಿಂದಿನ ಮಾಲೀಕರು ಹೇಳಿದ್ದಾರೆ. ಉಪ್ಪುನೀರಿನಿಂದ ಕ್ಲೋರಿನ್ ತಯಾರಿಸುವ ಯಂತ್ರವೂ ಮರಳಿನ ಫಿಲ್ಟರೂ ಇವೆ, ಎರಡೂ ಕೆಲಸ ಮಾಡುತ್ತಿವೆ.

ನಮ್ಮ ತೊಂದರೆ ಇಷ್ಟು. ಮೆಟ್ಟಿಲುಗಳ ಮೇಲೂ ತಳದಲ್ಲೂ ಕಂದು ಬಣ್ಣದ ಕಲೆಗಳಿವೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಗೋಡೆಯ ಮೇಲೆ ಅಂಗೈ ಆಡಿಸಿದರೆ ಸುಣ್ಣ ಬಳಿದ ಗೋಡೆಯನ್ನು ಮುಟ್ಟಿದಂತೆ ಬಿಳಿಯ ಪುಡಿ ಅಂಟಿಕೊಳ್ಳುತ್ತದೆ. ಮೆಟ್ಟಿಲಿನ ಮೂಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳೂ ಕಾಣುತ್ತಿವೆ. ದಾವಣಗೆರೆಯಿಂದ ಬಂದಿರುವ ನಮ್ಮ ತಂದೆಯವರು, ಊರಿನಲ್ಲಿ ವರ್ಷಕ್ಕೊಮ್ಮೆ ಸಂಪನ್ನು ಖಾಲಿ ಮಾಡಿ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುವಂತೆ ಇದನ್ನೂ ಒಂದು ಭಾನುವಾರ ತೊಳೆದುಬಿಡೋಣ ಎನ್ನುತ್ತಿದ್ದಾರೆ. ಬಣ್ಣ ಬಳಿಯುವವರೊಬ್ಬರೂ ನೀರು ತೆಗೆದುಕೊಟ್ಟರೆ ಮೂರು ದಿನದಲ್ಲಿ ಎಪಾಕ್ಸಿ ಎಂಬ ಗಟ್ಟಿ ಬಣ್ಣ ಬಳಿದುಕೊಡುವುದಾಗಿ ಒಪ್ಪಿದ್ದಾರೆ. ಪಂಪನ್ನು ಬಾಡಿಗೆಗೆ ತರುವ ಮೊದಲು ಅನುಭವಸ್ಥರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ಉತ್ತರ 1: ಕಡಲತಡಿ, ಗೋಲ್ಡ್ ಕೋಸ್ಟ್

ದಯವಿಟ್ಟು ಪಂಪನ್ನು ತರಬೇಡಿ. ಹನ್ನೆರಡು ವರ್ಷಗಳಿಂದ ಇಂಥದ್ದೇ ಕೊಳವನ್ನು ಇಟ್ಟುಕೊಂಡಿರುವ ನಾನು ಒಮ್ಮೆಯೂ ಅದನ್ನು ಖಾಲಿ ಮಾಡಿಲ್ಲ.

ತಂದೆಯವರ ಹೋಲಿಕೆ ಸಹಜವಾದದ್ದೇ, ಆದರೆ ಸಂಪು ಬೇರೆ, ಇದು ಬೇರೆ. ಸಂಪನ್ನು ನೆಲದಲ್ಲಿಯೇ ಕಲ್ಲು, ಇಟ್ಟಿಗೆ, ಕಾಂಕ್ರೀಟಿನಿಂದ ಭಾರವಾಗಿ ಕಟ್ಟಿರುತ್ತಾರೆ. ಫೈಬರ್‌ಗ್ಲಾಸ್ ಕೊಳವೆಂದರೆ ಕಾರ್ಖಾನೆಯಲ್ಲಿ ಒಂದೇ ತುಂಡಾಗಿ ಅಚ್ಚು ಹಾಕಿ, ಲಾರಿಯಲ್ಲಿ ತಂದು, ಕ್ರೇನಿನಿಂದ ಗುಂಡಿಗೆ ಇಳಿಸಿದ ಒಂದು ದೊಡ್ಡ ತೊಟ್ಟಿ. ಅದರ ಸ್ವಂತ ತೂಕ ಒಂದೆರಡು ಟನ್ನಿನ ಆಸುಪಾಸಿನಲ್ಲಿರುತ್ತದೆ. ಅದನ್ನು ನೆಲದಲ್ಲಿ ಹಿಡಿದು ಕೂರಿಸಿರುವುದು ಒಳಗಿರುವ 45 ಟನ್ ನೀರು. ಖಾಲಿ ಕೊಡವನ್ನು ಬಾವಿಯ ನೀರಿಗೆ ಒತ್ತಿದರೆ ಅದು ಕೈಯನ್ನೇ ಮೇಲಕ್ಕೆ ನೂಕುವುದನ್ನು ತಂದೆಯವರು ಕಂಡಿರುತ್ತಾರೆ. ಸುತ್ತಲಿನ ಮಣ್ಣಿನಲ್ಲಿ ಅಂತರ್ಜಲವು ತೊಟ್ಟಿಯ ತಳಕ್ಕಿಂತ ಕೇವಲ ಅರ್ಧ ಮೀಟರ್ ಮೇಲೆ ನಿಂತಿದ್ದರೂ, ತಳ ಸಮತಟ್ಟಾಗಿದೆಯೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಸುಮಾರು 16 ಟನ್ನಿನಷ್ಟು ಬಲ ನಿಮ್ಮ ಕೊಳವನ್ನು ಮೇಲಕ್ಕೆ ಎತ್ತುತ್ತಿರುತ್ತದೆ. ಮೇಲೇಳದೆ ಉಳಿದರೂ ಹೊರಗಿನ ಒತ್ತಡಕ್ಕೆ ಗೋಡೆಗಳು ಒಳಕ್ಕೆ ಉಬ್ಬಿಕೊಳ್ಳಬಹುದು.

ಖಾಲಿ ಮಾಡಲೇಬೇಕಾದ ಸಂದರ್ಭ ಇಲ್ಲವೆಂದಲ್ಲ. ಅದನ್ನು ಫೈಬರ್‌ಗ್ಲಾಸ್ ಕೊಳಗಳನ್ನೇ ದುರಸ್ತಿ ಮಾಡುವವರು ಮಾಡಬೇಕು, ಅದೂ ಮಳೆ ಕಡಿಮೆಯಿರುವ ಇಲ್ಲಿನ ಚಳಿಗಾಲದಲ್ಲಿ. ಅವರು ಮೊದಲು ಅಂತರ್ಜಲ ಎಲ್ಲಿದೆಯೆಂದು ನೋಡುತ್ತಾರೆ, ಬೇಕಿದ್ದರೆ ಅದನ್ನು ಹೊರಗೆ ಎತ್ತುತ್ತಾರೆ, ಗೋಡೆಯಿಂದ ಗೋಡೆಗೆ ಅಡ್ಡ ಊರೆಗೋಲು ಕೊಡುತ್ತಾರೆ, ಕೆಲಸ ಮುಗಿದ ಕೂಡಲೇ ನೀರು ತುಂಬಿಸುತ್ತಾರೆ. ತೊಟ್ಟಿಯನ್ನು ಮೂರು ದಿನ ಬರಿದಾಗಿ ಬಿಸಿಲಿಗೆ ಬಿಟ್ಟು ಬಣ್ಣ ಬಳಿಯುವೆನೆಂದು ಹೇಳುವವರಿಗೆ ಮನೆಯ ಗೋಡೆಯ ಕೆಲಸ ಗೊತ್ತಿರಬಹುದು, ಇದು ಗೊತ್ತಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಳದ ಅಂಚಿನ ಬಳಿ ನೆಲದಲ್ಲಿ ಮುಚ್ಚಳವಿರುವ ಪಿವಿಸಿ ಕೊಳವೆಯೇನಾದರೂ ಇದೆಯೇ ಎಂದು ಹುಡುಕಿ. ತೊಟ್ಟಿಯ ತಳದ ಜಲ್ಲಿಯವರೆಗೆ ಇಳಿಯುವ ಆ ಕೊಳವೆಯಲ್ಲಿ ಅಂತರ್ಜಲದ ಮಟ್ಟವನ್ನು ಅಳೆಯಬಹುದು. ಕೆಲವು ಕೊಳಗಳ ತಳದಲ್ಲಿ, ಹೊರಗಿನ ಒತ್ತಡ ಹೆಚ್ಚಾದಾಗ ತಾನಾಗಿ ತೆರೆದು ನೀರನ್ನು ಒಳಗೆ ಬಿಡುವ ವಾಲ್ವ್ ಕೂಡ ಇರುತ್ತದೆ. ಆದರೆ ಇಪ್ಪತ್ತು ವರ್ಷದ ಹಳೆಯ ವಾಲ್ವ್ ಹೂಳು ಕಟ್ಟಿ ಕುಳಿತಿರಬಹುದು, ಅದನ್ನು ನಂಬಿ ನೀರು ತೆಗೆಯಬಾರದು.

ಉತ್ತರ 2: ಕಾಫಿತೋಟ, ಸಕಲೇಶಪುರ

ಮೇಲಿನವರು ಹೇಳಿದ್ದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ನಮ್ಮ ಹೋಂಸ್ಟೇಗೆಂದು ಇಂಥದ್ದೇ ತೊಟ್ಟಿಯೊಂದನ್ನು ತರಿಸಿ ಇಳುಕಲಿನ ಅಡಿಕೆ ತೋಟದ ಪಕ್ಕದಲ್ಲಿ ಕೂರಿಸಿದ್ದೆವು. 2019ರ ಆಗಸ್ಟ್ ಮಳೆಯಲ್ಲಿ ಅತಿಥಿಗಳು ಯಾರೂ ಇರಲಿಲ್ಲವಾದ್ದರಿಂದ, ಇದೇ ಸಮಯವೆಂದು ನೀರು ಹೊರಹಾಕಿ ಪಾಚಿ ತಿಕ್ಕಿಸಿದೆ. ಗುಡ್ಡದ ಒರತೆಯೆಲ್ಲ ಆ ಗುಂಡಿಯ ಕಡೆಗೇ ಇಳಿಯುತ್ತದೆ ಎಂಬುದು ತೋಟದ ಆಳುಗಳಿಗೂ ಗೊತ್ತಿದ್ದ ವಿಷಯ. ನನಗೆ ಮಾತ್ರ ಆ ದಿನ ಹೊಳೆಯಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಆಳದ ಕಡೆಯ ಅಂಚು ಒಂದು ಗೇಣು ಮೇಲೆದ್ದಿತ್ತು, ಸುತ್ತ ಹಾಸಿದ್ದ ಕಡಪ ಕಲ್ಲುಗಳು ತಲೆಕೆಳಗಾಗಿದ್ದವು, ಪೈಪುಗಳು ಬುಡದಲ್ಲೇ ಮುರಿದಿದ್ದವು.

ಮತ್ತೆ ನೀರು ತುಂಬಿಸಿದರೆ ಅದು ತನ್ನ ಜಾಗದಲ್ಲಿ ಕೂರುತ್ತದೆ ಎಂದು ಎಣಿಸಿದ್ದು ಎರಡನೆಯ ತಪ್ಪು. ತೊಟ್ಟಿ ಮೇಲೆದ್ದ ಕೂಡಲೇ ಬದಿಯ ಮಣ್ಣೂ ಜಲ್ಲಿಯೂ ಅದರ ಅಡಿಗೆ ಜಾರಿಕೊಂಡಿದ್ದವು. ತುಂಬಿಸಿದ ನೀರಿನ ಭಾರಕ್ಕೆ ಆ ದಿಬ್ಬದ ಮೇಲೆ ತಳವೇ ಸೀಳಿತು. ಬೇಸಿಗೆಯವರೆಗೆ ಕಾದು, ಕ್ರೇನ್ ಬರುವಷ್ಟು ತೋಟದ ದಾರಿಯನ್ನು ಅಗಲ ಮಾಡಿಸಿ, ಎಲ್ಲವನ್ನೂ ಅಗೆದು ಹೊಸದಾಗಿ ಕೂರಿಸಬೇಕಾಯಿತು. ಈ ಬಾರಿ ಪಕ್ಕದಲ್ಲಿ ಸಿಮೆಂಟ್ ರಿಂಗುಗಳನ್ನು ಇಳಿಸಿ ಒಂದು ಸಣ್ಣ ಬಾವಿ ಮಾಡಿಸಿದ್ದೇನೆ. ಮಳೆಗಾಲದಲ್ಲಿ ಅದರ ನೀರು ಏರಿದರೆ ಪಂಪು ತಾನಾಗಿ ಎತ್ತಿ ಹಳ್ಳಕ್ಕೆ ಹಾಕುತ್ತದೆ. ಬದಿಗೆ ಮಣ್ಣನ್ನೋ ಮರಳನ್ನೋ ತುಂಬದೆ ತೊಳೆದ ಜಲ್ಲಿಯನ್ನೇ ತುಂಬಿಸಿದೆ. ಅದು ನೀರಿಗೆ ಕೊಚ್ಚಿಹೋಗುವುದಿಲ್ಲ, ಕುಸಿಯುವುದೂ ಇಲ್ಲ. ಒಳಗೆ ನೀರು ಏರಿದಷ್ಟೇ ಎತ್ತರಕ್ಕೆ ಹೊರಗೆ ಜಲ್ಲಿ ಏರಬೇಕು ಎಂಬುದನ್ನೂ ಆಗಲೇ ತಿಳಿದದ್ದು.

ಉತ್ತರ 3: ಪಾಠದಮನೆ, ಮೆಲ್ಬರ್ನ್

ನಾನು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವನಾದ್ದರಿಂದ ನೀರಿನ ವಿಷಯವನ್ನಷ್ಟೇ ಹೇಳುತ್ತೇನೆ. ನೀವು ಬರೆದಿರುವ ಮೂರು ಲಕ್ಷಣಗಳಲ್ಲಿ ಎರಡಕ್ಕೆ ನೀರೇ ಕಾರಣವಿರಬಹುದು.

ಕಂದು ಕಲೆ ಕಬ್ಬಿಣದ್ದೋ ಎಲೆಯದ್ದೋ ಎಂದು ಮೊದಲು ತಿಳಿಯಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ವಿಟಮಿನ್ ಸಿ ಮಾತ್ರೆಯೊಂದನ್ನು ಕಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಆ ಜಾಗ ತಿಳಿಯಾದರೆ ಅದು ಲೋಹದ ಕಲೆ. ಆಗ ಕ್ಲೋರಿನ್ ಯಂತ್ರವನ್ನು ನಿಲ್ಲಿಸಿ, ಕ್ಲೋರಿನ್ ಮಟ್ಟ ಸೊನ್ನೆಯ ಹತ್ತಿರ ಇಳಿದ ಮೇಲೆ, ನಿಮ್ಮ ಕೊಳಕ್ಕೆ ಸುಮಾರು ಅರ್ಧ ಕಿಲೋ ಆಸ್ಕಾರ್ಬಿಕ್ ಆಮ್ಲವನ್ನು (ಅದೇ ವಿಟಮಿನ್ ಸಿ, ಪುಡಿಯ ರೂಪದಲ್ಲಿ) ಕಲೆಗಳ ಮೇಲೆ ಬೀಳುವಂತೆ ಹರಡಿ ಪಂಪನ್ನು ಓಡಿಸಿ. ಕಲೆ ಕರಗಿದ ಮೇಲೆ ಕಬ್ಬಿಣ ಎಲ್ಲಿಗೂ ಹೋಗಿರುವುದಿಲ್ಲ, ನೀರಿನಲ್ಲಿಯೇ ಇರುತ್ತದೆ. ಆದ್ದರಿಂದ ಲೋಹವನ್ನು ಹಿಡಿದಿಡುವ ದ್ರಾವಣವನ್ನು ಹಾಕಿ, ಇಳಿದಿರುವ ಪಿಎಚ್ ಅನ್ನು (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ; ಕಡಿಮೆಯಾದಷ್ಟೂ ಆಮ್ಲೀಯ) ಸರಿಪಡಿಸಿ, ಕ್ಲೋರಿನನ್ನು ನಿಧಾನವಾಗಿ ಏರಿಸಬೇಕು. ಆತುರ ಮಾಡಿದರೆ ಕಲೆ ಮರಳಿ ಕೂರುತ್ತದೆ. ಮಾತ್ರೆಗೆ ಬಗ್ಗದಿದ್ದರೆ ಅದು ಬಹುಶಃ ಕೊಳೆತ ಎಲೆಯ ಕಲೆ, ಕ್ಲೋರಿನ್ ಮಟ್ಟವನ್ನು ಕೆಲವು ದಿನ ಸ್ವಲ್ಪ ಹೆಚ್ಚಿಗೆ ಇಟ್ಟರೆ ಮಾಸುತ್ತದೆ.

ಅಂಗೈಗೆ ಹತ್ತುವ ಬಿಳಿ ಪುಡಿ, ತೊಟ್ಟಿಯ ಮೇಲ್ಮೈಯಾದ ಜೆಲ್‌ಕೋಟ್ ಸವೆಯುತ್ತಿರುವ ಗುರುತು. ಬಿಸಿಲೂ ವಯಸ್ಸೂ ಇದಕ್ಕೆ ಕಾರಣವೇ. ಆದರೆ ಪಿಎಚ್ ಬಹಳ ಕಾಲ ತಗ್ಗಿದ್ದರೆ ಮತ್ತು ಕ್ಲೋರಿನ್ ಹರಳುಗಳನ್ನು ನೇರವಾಗಿ ಕೊಳಕ್ಕೆ ಎಸೆಯುವ ಅಭ್ಯಾಸವಿದ್ದರೆ ಸವೆತ ಬೇಗನೆ ಆಗುತ್ತದೆ. ಮುಟ್ಟಿದರೆ ಒರಟಾಗಿದ್ದು ಪುಡಿ ಬಾರದ ಬಿಳುಪು ಬೇರೆ, ಅದು ಕ್ಯಾಲ್ಸಿಯಂ ಕಟ್ಟಿಕೊಂಡದ್ದು. ಉಪ್ಪಿನ ಯಂತ್ರವಿರುವ ಕೊಳದಲ್ಲಿ ಪಿಎಚ್ ಸದಾ ಮೇಲಕ್ಕೇ ಹೋಗುತ್ತಿರುವುದರಿಂದ ವಾರಕ್ಕೊಮ್ಮೆ ಅಳೆದು, ಬೇಕಾದಷ್ಟೇ ಆಮ್ಲವನ್ನು ಬಕೆಟ್ ನೀರಿಗೆ ಸುರಿದು ಹಾಕಿ. ಆಮ್ಲಕ್ಕೆ ನೀರನ್ನು ಸುರಿಯಬೇಡಿ, ಆಮ್ಲವನ್ನೂ ಕ್ಲೋರಿನನ್ನೂ ಒಂದೇ ಬಕೆಟಿನಲ್ಲಿ ಬೆರೆಸಲೇಬೇಡಿ. ಹೊರಡುವ ಅನಿಲ ಪ್ರಾಣಕ್ಕೆ ಅಪಾಯಕಾರಿ. ಪಿಎಚ್ 7.2ರಿಂದ 7.6, ಪಿಎಚ್ ಏರುಪೇರಾಗದಂತೆ ತಡೆಯುವ ಆಲ್ಕಲಿನಿಟಿ 80ರಿಂದ 120 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಇರಲಿ. ಕ್ಯಾಲ್ಸಿಯಂ ಗಡಸುತನವನ್ನು, ಅಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಪ್ರಮಾಣವನ್ನು, ಸಿಮೆಂಟ್ ಕೊಳದಷ್ಟು ಏರಿಸುವ ಅಗತ್ಯವಿಲ್ಲ; ಕರಗಿಹೋಗಲು ಇಲ್ಲಿ ಸಿಮೆಂಟ್ ಪದರವೇ ಇಲ್ಲ.

ಮಳೆಯ ಲೆಕ್ಕವನ್ನೂ ಮರೆಯಬೇಡಿ. 100 ಮಿಲಿಮೀಟರ್ ಮಳೆ ಬಂದರೆ ನಿಮ್ಮ ಕೊಳದ ಮೇಲೆ 3,200 ಲೀಟರ್ ನೀರು ಸುರಿದು, ಹೆಚ್ಚುಕಡಿಮೆ ಅಷ್ಟೇ ಉಪ್ಪುನೀರು ತುಳುಕಿ ಹೋಗುತ್ತದೆ. ಉಪ್ಪು 4,000 ಪಿಪಿಎಂ ಇದ್ದರೆ ಹನ್ನೆರಡು ಕಿಲೋ ಹೋದಂತೆ.

ಹಿತ್ತಲಮನೆ, ಬ್ರಿಸ್ಬೇನ್

ಎಲ್ಲರಿಗೂ ಧನ್ಯವಾದಗಳು. ಮಾತ್ರೆಯಿಂದ ಪರೀಕ್ಷಿಸಿದೆ, ಅರ್ಧ ನಿಮಿಷದೊಳಗೆ ಮೆಟ್ಟಿಲಿನ ಮೇಲೆ ಮಾತ್ರೆಯ ಗಾತ್ರದ ಬಿಳಿಯ ಚುಕ್ಕೆ ಮೂಡಿತು, ಈಗ ಉಳಿದ ಭಾಗವೆಲ್ಲ ಇನ್ನೂ ಕೊಳಕಾಗಿ ಕಾಣುತ್ತಿದೆ. ದಾಸವಾಳದ ಪೊದೆಯ ಕೆಳಗೆ ಮುಚ್ಚಳ ಹಾಕಿದ ಪಿವಿಸಿ ಕೊಳವೆಯೂ ಸಿಕ್ಕಿತು. ತಂದೆಯವರು ದಾರಕ್ಕೆ ಬೋಲ್ಟು ಕಟ್ಟಿ ಇಳಿಬಿಟ್ಟರೆ ನೆಲದಿಂದ 40 ಸೆಂಟಿಮೀಟರ್ ಕೆಳಗೇ ನೀರು ತಗುಲಿತು, ಕಳೆದ ವಾರದ ಮಳೆಯ ಪ್ರಭಾವವಿರಬೇಕು. ಕೊಳವನ್ನು ಮೇಲಕ್ಕೆ ಎತ್ತುವ ಬಲ ಮೂವತ್ತು ಟನ್ನಿಗೂ ಮೇಲೆ ಆಗುತ್ತದೆ ಎಂದು ಅವರೇ ಲೆಕ್ಕ ಹಾಕಿ, ಬಣ್ಣದವರಿಗೆ ಬೇಡವೆಂದು ಹೇಳಿಸಿದರು. ಈಗ ದಿನವೂ ಬೆಳಗಿನ ಕಾಫಿಯಾದ ಮೇಲೆ ದಾರ ಇಳಿಸಿ ಅಳತೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದಾರೆ. ಸಣ್ಣ ಬಿರುಕುಗಳ ವಿಷಯ ಮಾತ್ರ ಉಳಿದಿದೆ.

ಕಡಲತಡಿ, ಗೋಲ್ಡ್ ಕೋಸ್ಟ್

ಬಿರುಕಿನ ಎರಡು ತುದಿಗಳಿಗೂ ಪೆನ್ಸಿಲಿನಿಂದ ಗುರುತು ಹಾಕಿ, ಒಂದು ಫೋಟೊ ತೆಗೆದಿಡಿ. ಜೇಡನ ಬಲೆಯಂತೆ ಹರಡಿ, ಉಗುರಿಗೆ ಸಿಗದಷ್ಟು ತೆಳುವಾಗಿದ್ದರೆ ಅದು ಜೆಲ್‌ಕೋಟಿನದ್ದು ಮಾತ್ರ, ನೀರು ಸೋರುವುದಿಲ್ಲ. ಉದ್ದವಾಗುತ್ತ ಹೋದರೆ ಅಥವಾ ಮೆಟ್ಟಿಲನ್ನು ತುಳಿದಾಗ ಆ ಜಾಗ ಬಗ್ಗಿದಂತೆ ಅನಿಸಿದರೆ ದುರಸ್ತಿಯವರನ್ನು ಕರೆಸಿ. ನೀರಿನ ಮಟ್ಟ ಇಳಿಯುತ್ತಿದೆಯೆಂದು ಅನುಮಾನವಿದ್ದರೆ, ಬಕೆಟಿಗೆ ಕೊಳದ ನೀರು ತುಂಬಿ ಮೆಟ್ಟಿಲಿನ ಮೇಲಿಟ್ಟು, ಬಕೆಟಿನ ಒಳಗೂ ಹೊರಗೂ ನೀರಿನ ಮಟ್ಟವನ್ನು ಗುರುತಿಸಿ ಪಂಪು ನಿಲ್ಲಿಸಿ ಒಂದು ದಿನ ಬಿಡಿ. ಎರಡೂ ಸಮನಾಗಿ ಇಳಿದರೆ ಆವಿಯಾದದ್ದು, ಕೊಳದ್ದೇ ಹೆಚ್ಚು ಇಳಿದರೆ ಸೋರಿಕೆ.

ತಂದೆಯವರಿಗೆ ಒಂದು ಮಾತು ಹೇಳಿ: ಅಳತೆ ಮುಗಿದ ಮೇಲೆ ಕೊಳವೆಯ ಮುಚ್ಚಳವನ್ನು ಪ್ರತಿಸಲವೂ ಬಿಗಿಯಾಗಿ ಹಾಕಬೇಕು. ಮಣ್ಣೂ ಎಲೆಯೂ ಬಿದ್ದು ಕೊಳವೆ ಕಟ್ಟಿಕೊಂಡರೆ ತೊಟ್ಟಿಯ ಅಡಿಯ ನೀರನ್ನು ನೋಡಲು ನಿಮಗೆ ಬೇರೆ ದಾರಿಯಿಲ್ಲ.